ಅಂಚಿಗೆ ಕೂಲಿ ಕೊಟ್ಟಿದ್ದೀರಾ?

"ನಮ್ಮೂರ ಮೇಸ್ತ್ರಿಗಳಿಗೆ ಫಿನಿಶಿಂಗ್ ಗೊತ್ತಿಲ್ಲ ಗುರೂ." ಬೆಂಗಳೂರು ಸೇರಿದ ಬಳ್ಳಾರಿ ಹುಡುಗರು ಇಬ್ಬರು ಕೂತರೆ ಈ ಮಾತು ಬಂದೇ ಬರುತ್ತೆ. ನಾನೂ ಹೇಳ್ತಿದ್ದೆ. ಈಗ ಹೇಳಲ್ಲ.

ಸಿರುಗುಪ್ಪದ ಮನೆಗೆ ಹೊಸ ಬಾತ್‌ರೂಮ್ ಕಟ್ಟಿಸಿದ್ದು ನಾನೇ, ವಿಡಿಯೋ ಕಾಲ್‌ನಲ್ಲಿ. ಟೈಲ್ಸ್ ಪಳಪಳ ಹೊಳೀತಿತ್ತು, ದುಡ್ಡು ಹಾಕಿದೆ. ತಿಂಗಳೊಳಗೆ ಅವ್ವನ ಮೊಣಕೈ ಕೊಯ್ದುಕೊಂಡಿತು. ಕೊಯ್ದದ್ದು ಕಿಟಕಿ ಮೂಲೆಗೆ ಹಾಕಿದ ಅಲ್ಯುಮಿನಿಯಂ ಬೀಡಿಂಗ್. ಟೈಲ್ 8 ಎಂಎಂ, ಪಟ್ಟಿ 12 ಎಂಎಂ. ಹೆಚ್ಚಾದ ಅಂಚು ಬ್ಲೇಡಿನ ಹಾಗೆ ಹೊರಗೆ ನಿಂತಿತ್ತು.

ಮೇಸ್ತ್ರಿಗೆ ಫೋನ್ ಮಾಡಿ ರೇಗಿದೆ. ಆತ ತಣ್ಣಗೆ ಹೇಳಿದ: "ಸಾರ್, ನೀವು ಕೊಟ್ಟಿದ್ದು ಸ್ಕ್ವೇರ್ ಫೀಟ್ ರೇಟು. ಮೂಲೆ ಎಷ್ಟು ಸ್ಕ್ವೇರ್ ಫೀಟ್ ಐತ್ರೀ? ಪಟ್ಟೀನೂ ನೀವೇ ಕಳಿಸಿದ್ದು."

ಬಾಯಿ ಕಟ್ಟಿತು. ಅಗ್ಗಕ್ಕೆ ಸಿಕ್ಕಿತು ಅಂತ ದಪ್ಪ ನೋಡದೆ ಆನ್‌ಲೈನಿನಲ್ಲಿ ತರಿಸಿದವನು ನಾನು. ಕುರುಗೋಡಿನ ಸೋದರಮಾವನ ಮನೆಯಲ್ಲಿ ಇದೇ ಮೇಸ್ತ್ರಿ ಮಾಡಿದ ಮೂಲೆ ನೋಡಿದ್ದೀನಿ. ಕಣ್ಣು ಮುಚ್ಚಿ ಕೈಯಾಡಿಸಿದರೆ ಪಟ್ಟಿ ಎಲ್ಲಿ, ಟೈಲ್ ಎಲ್ಲಿ ಗೊತ್ತಾಗಲ್ಲ. ಏಕಶಿಲೆಯ ದೊಡ್ಡಬಸವೇಶ್ವರನ ಊರಿಗೆ ತಕ್ಕ ಕೆಲಸ! ಮಾವ ಮಾಡಿದ್ದಿಷ್ಟೇ: ಮೂಲೆಗಳಿಗೆ ರನ್ನಿಂಗ್ ಫೀಟ್ ಲೆಕ್ಕದಲ್ಲಿ ಬೇರೆ ಕೂಲಿ ಕೊಟ್ಟರು.

ಚದರಡಿ ರೇಟು ಸಪಾಟು ಗೋಡೆಗೆ ಸರಿ. ಆದರೆ ಟೈಮ್ ತಿನ್ನೋದು ಅಂಚು. ಅಂಚನ್ನು ಚೆನ್ನಾಗಿ ಮಾಡಿದವನಿಗೆ ಅವತ್ತಿನ ಕೂಲಿ ಖೋತಾ. ಬಳ್ಳಾರಿ ಜೀನ್ಸ್‌ನ ಊರು. ಎಷ್ಟು ಮೀಟರ್ ಬಟ್ಟೆ ಹೋಯ್ತು ಅಂತ ಅಳೆದು ಟೈಲರ್‌ಗೆ ಯಾರಾದ್ರೂ ಕೂಲಿ ಕೊಡ್ತಾರಾ? ಹೊಲಿಗೆಗೆ ಕೊಡ್ತಾರೆ.

"ಕಸುಬುದಾರ ಅಂದ್ಮೇಲೆ ರೇಟು ಎಷ್ಟಿದ್ರೂ ಚೆನ್ನಾಗಿ ಮಾಡಬೇಕಪ್ಪ" ಅಂತೀರಾ? ಟೆಸ್ಟಿಂಗಿಗೆ ಒಂದು ದಿನವೂ ಕೊಡದೆ, ಆಮೇಲೆ ಬಗ್ ಬಂತು ಅಂತ ಕೂಗಾಡುವ ಮ್ಯಾನೇಜರ್‌ನನ್ನು ನಾವು ಬೈಯಲ್ವಾ? ಇಲ್ಲಿ ಆ ಮ್ಯಾನೇಜರ್ ನಾವೇ.

ಇನ್ನು ಪರೀಕ್ಷೆ. ವಿಡಿಯೋದಲ್ಲಿ ಟೈಲಿನ ಮುಖ ಕಾಣುತ್ತೆ, ಅಂಚು ಕಾಣಲ್ಲ. ಊರಿಗೇ ಹೋಗಿ. ಎಟಿಎಂ ಕಾರ್ಡನ್ನು ಟೈಲಿನಿಂದ ಪಟ್ಟಿ ಕಡೆ ಜಾರಿಸಿ. ತಡೆದರೆ ಮಟ್ಟ ತಪ್ಪಿದೆ. ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿಯಿರಿ. ಏರುತಗ್ಗೆಲ್ಲ ನೆರಳಾಗಿ ಕಾಣುತ್ತೆ. ಎರಡು ಪಟ್ಟಿ ಸೇರುವಲ್ಲಿ 45 ಡಿಗ್ರಿಗೆ ಕೊಯ್ದು ಕೂಡಿಸಿರಬೇಕು. ಅಲ್ಲಿ ಬಿಳಿ ಸಿಮೆಂಟೋ ಸಿಲಿಕೋನೋ ಗುಡ್ಡೆ ಬಿದ್ದಿದ್ದರೆ ಏನೋ ಮುಚ್ಚಿದ್ದಾರೆ ಅಂತಲೇ ಲೆಕ್ಕ. ಬೆರಳಿಂದ ಒತ್ತಿದರೆ ಪಟ್ಟಿ ಅಲುಗಬಾರದು. ಅಲುಗಿದರೆ ಹಿಂದೆ ಟೊಳ್ಳು, ನೀರು ಒಳಗೆ ಇಳಿಯೋದು ಅಲ್ಲಿಂದಲೇ.

ಅದಕ್ಕೂ ಮೊದಲು ಎಸ್ಟಿಮೇಟಿಗೆ ಒಂದು ಸಾಲು ಸೇರಿಸಿ: ಮೂಲೆ ಪಟ್ಟಿ, ಟೈಲಿನ ದಪ್ಪಕ್ಕೆ ಹೊಂದುವಂಥದ್ದು, ರನ್ನಿಂಗ್ ಫೀಟ್ ಲೆಕ್ಕ, ಕೂಲಿ ಬೇರೆ. ಇಷ್ಟು ಮಾಡಿದ ಮೇಲೂ ಕೆಲಸ ಕೆಟ್ಟರೆ ಧಾರಾಳವಾಗಿ ಬೈಯಿರಿ. ಅಲ್ಲೀವರೆಗೆ ಬೈಯುವ ಹಕ್ಕು ನಮಗಿಲ್ಲ.