ಅಹವಾಲು ಸಭೆಗೆ ಓದಿಕೊಂಡು ಹೋಗೋಣ

ಊರಿಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದರೆ ಯುವಕರ ಮೊದಲ ಪ್ರಶ್ನೆ ‘ಕೆಲಸ ಸಿಗುತ್ತದೆಯೇ?’ ಹಿರಿಯರದು ‘ಹೊಲ ಹೋಗುತ್ತದೆಯೇ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನಾವು ಅವನ್ನು ಚಹಾದಂಗಡಿಯಲ್ಲಿ ಕೇಳುತ್ತೇವೆ. ಕೇಳಬೇಕಾದ ಜಾಗ ಪರಿಸರ ಸಾರ್ವಜನಿಕ ಅಹವಾಲು ಸಭೆ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಶಾಖೋತ್ಪನ್ನ ಸ್ಥಾವರಕ್ಕೆ ಅನುಮತಿ ನೀಡುವ ಮುನ್ನ ಸಾಮಾನ್ಯವಾಗಿ ಈ ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ಓದಲು ಸಿಗುತ್ತದೆ. ಸಭೆಗೆ ಬಂದ ಯಾರು ಬೇಕಾದರೂ ಕಂಪನಿಯಿಂದ ಮಾಹಿತಿ ಕೇಳಬಹುದು. ಎಲ್ಲವೂ ವಿಡಿಯೊದಲ್ಲಿ ದಾಖಲಾಗುತ್ತದೆ. ಕೋರಂ ಎಂಬುದಿಲ್ಲ, ಹತ್ತು ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಹಾಗಾಗಿ ಬಹಿಷ್ಕರಿಸಿ ಮನೆಯಲ್ಲಿ ಕುಳಿತರೆ ನಮ್ಮ ಮಾತಷ್ಟೇ ದಾಖಲೆಯಿಂದ ಹೊರಗುಳಿಯುತ್ತದೆ.

ಇದು ಮತದಾನವೂ ಅಲ್ಲ. ಸಾವಿರ ಜನ ಕೈ ಎತ್ತಿದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ. ಆದರೆ ಪರಿಸರದ ಬಗ್ಗೆ ದಾಖಲಾದ ಗಂಭೀರ ಆಕ್ಷೇಪಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರಿಸಬೇಕು. ಮುಂದೆ ಹಸಿರು ನ್ಯಾಯಮಂಡಳಿಗೆ ಹೋದರೆ ಕೈಯಲ್ಲಿರುವುದು ಆ ದಾಖಲೆಯೇ. ಆದ್ದರಿಂದ ‘ಬೇಡ’ ಎಂಬ ಘೋಷಣೆಗಿಂತ ಖಚಿತ ಪ್ರಶ್ನೆಗೆ ಬಲ ಹೆಚ್ಚು. ಹಾರುಬೂದಿಯನ್ನು ಎಲ್ಲಿ ಸುರಿಯುತ್ತೀರಿ? ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತೀರಿ? ಕಾಯಂ ಹುದ್ದೆಗಳೆಷ್ಟು, ಗುತ್ತಿಗೆಯವು ಎಷ್ಟು?

ತೊಡಕಿರುವುದು ಭಾಷೆಯಲ್ಲಿ. ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶ ಮಾತ್ರ. ಬೂದಿ, ಹೊಗೆ, ಅಂತರ್ಜಲದ ಅಂಕಿಅಂಶಗಳೆಲ್ಲ ಇಂಗ್ಲಿಷಿನ ನೂರಾರು ಪುಟಗಳಲ್ಲಿರುತ್ತವೆ. 2020ರಲ್ಲಿ ಇದೇ ಅಧಿಸೂಚನೆಯನ್ನು ಬದಲಿಸಲು ಹೊರಟಾಗ, ಕರಡಿಗೆ ಸ್ಥಳೀಯ ಭಾಷೆಗಳಲ್ಲಿ ಸರಿಯಾದ ಪ್ರಚಾರ ಸಿಕ್ಕಿಲ್ಲವೆಂಬ ದೂರು ಕರ್ನಾಟಕ ಹೈಕೋರ್ಟ್ ಮುಂದೆ ಬಂತು. ಅಂತಿಮ ಅಧಿಸೂಚನೆ ಹೊರಡಿಸದಂತೆ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಕರಡು ನಿಯಮಕ್ಕೇ ಭಾಷೆಯ ಪ್ರಶ್ನೆ ಅಷ್ಟು ಮುಖ್ಯವಾದರೆ, ಊರಿನ ಗಾಳಿ ನೀರಿನ ವರದಿ ಪೂರ್ತಿ ಕನ್ನಡದಲ್ಲಿ ಬೇಡವೇ?

ಅದು ಸಿಗುವವರೆಗೂ ಆ ಕೆಲಸ ನಮ್ಮದು. ಪ್ರತಿ ಊರಿನಲ್ಲೂ ಬಿ.ಎಸ್ಸಿ., ಎಂಜಿನಿಯರಿಂಗ್ ಓದಿದವರಿದ್ದಾರೆ. ನಾಲ್ವರು ಕೂತು ಅಧ್ಯಾಯ ಹಂಚಿಕೊಂಡು ಓದಿದರೆ 30 ದಿನ ಸಾಕು. ಅರ್ಥವಾದದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಿದರೆ ಹಿರಿಯರೂ ಪ್ರಶ್ನೆ ಕೇಳುತ್ತಾರೆ.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರದ ವಿರುದ್ಧದ ರೈತರ ಪ್ರತಿಭಟನೆ 2014ರ ಜುಲೈನಲ್ಲಿ ಗೋಲಿಬಾರ್ ಕಂಡಿತು. ಅಷ್ಟರಲ್ಲಿ ಕಾಮಗಾರಿ ನಡೆಯುತ್ತಿತ್ತು. ಜನರ ಮಾತಿಗೆ ಬೆಲೆ ಸಿಗಬೇಕಾದದ್ದು ಅಡಿಪಾಯ ಹಾಕುವ ಮುನ್ನ. ಸ್ಥಾವರ ಬೇಕೋ ಬೇಡವೋ ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ಇರಲಿ. ವರದಿ ಓದದೆ ಮಾತ್ರ ಯಾರೂ ಸಭೆಗೆ ಹೋಗುವುದು ಬೇಡ.