‘ಸ್ಯಾತ್’ ಎಂದರೆ ‘ಪರ್‌ಹ್ಯಾಪ್ಸ್’ ಅಲ್ಲ

ಇಂಗ್ಲಿಷಿನ ‘ಪರ್‌ಹ್ಯಾಪ್ಸ್’ ಎಂಬ ಕ್ರಿಯಾವಿಶೇಷಣದೊಳಗಿನ ‘ಹ್ಯಾಪ್’ ಎಂಬುದಕ್ಕೆ ಆಕಸ್ಮಿಕವೆಂದರ್ಥ. ನಾಳೆ ‘ಪರ್‌ಹ್ಯಾಪ್ಸ್’ ಮಳೆ ಬಂದೀತು ಎನ್ನುವವನು ಮಳೆಯ ಸ್ವರೂಪವನ್ನಲ್ಲ, ತನ್ನ ಅರಿವಿನ ಕೊರತೆಯನ್ನು ಹೇಳುತ್ತಾನೆ. ಇದನ್ನೇ ‘ಸ್ಯಾತ್’ ಶಬ್ದಕ್ಕೆ ಪರ್ಯಾಯವಾಗಿಟ್ಟು ಸ್ಯಾದ್ವಾದವನ್ನು ಸಂಶಯವಾದವೆನ್ನುವ ರೂಢಿ ಇನ್ನೂ ಅಳಿದಿಲ್ಲ.

ಇಲ್ಲಿ ‘ಸ್ಯಾತ್’ ಕ್ರಿಯಾಪದವಲ್ಲ; ಕ್ರಿಯಾಪದವನ್ನು ಹೋಲುವ ನಿಪಾತ. ‘ಕಥಂಚಿತ್’, ಅಂದರೆ ‘ಒಂದು ಅಪೇಕ್ಷೆಯಿಂದ’, ಎಂಬುದು ಅದರ ಅರ್ಥ. ಸರ್ವಥಾ ಏಕಾಂತದ ತ್ಯಾಗವೇ ಸ್ಯಾದ್ವಾದವೆಂದು ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ನಿರೂಪಿಸಿದ್ದಾರೆ. ಸಪ್ತಭಂಗಿಯ ಮೊದಲ ಭಂಗ ‘ಸ್ಯಾದಸ್ತ್ಯೇವ’. ಅದರಲ್ಲಿನ ‘ಏವ’ಕಾರ ನಿಶ್ಚಯವಾಚಕ. ಗಡಿಗೆಯು ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವಗಳಿಂದ ಇದ್ದೇ ಇದೆ. ಪರದ್ರವ್ಯಾದಿಗಳಿಂದ ಇಲ್ಲವೇ ಇಲ್ಲ. ‘ಗಡಿಗೆ ಇದ್ದರೂ ಇರಬಹುದು’ ಎಂದು ಅನುವಾದಿಸುವವರು ಆ ‘ಏವ’ಕಾರವನ್ನು ಎಲ್ಲಿ ಬಚ್ಚಿಡುತ್ತಾರೆ?

ಸಂಶಯವು ಎರಡು ತುದಿಗಳ ನಡುವೆ ತೂಗಾಡುತ್ತದೆ. ಸ್ಯಾದ್ವಾದವು ಎರಡನ್ನೂ ಅಪೇಕ್ಷಾಭೇದದಿಂದ ನಿರ್ಣಯಿಸುತ್ತದೆ. ಜೈನರದು ‘ಪರ್‌ಹ್ಯಾಪ್ಸ್’ ದರ್ಶನವೇ ಆಗಿದ್ದರೆ ಪ್ರಮಾಣಚರ್ಚೆಗೆ ಅಕಲಂಕರು ಅಷ್ಟು ಶ್ರಮಿಸಬೇಕಿರಲಿಲ್ಲ. ಅಹಿಂಸೆಯೂ ‘ಬಹುಶಃ’ ಧರ್ಮವಾಗಿಬಿಡುತ್ತಿತ್ತು. ಇಂಗ್ಲಿಷಿನ ತಪ್ಪನ್ನು ಕನ್ನಡದ ‘ಬಹುಶಃ’ದಲ್ಲಿ ಮತ್ತೆ ಮಾಡುವುದು ಇಮ್ಮಡಿ ಪ್ರಮಾದ. ‘ಒಂದು ಅಪೇಕ್ಷೆಯಿಂದ ಇದ್ದೇ ಇದೆ’ ಎನ್ನಲು ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಕೊರತೆಯಿರುವುದು ಮೂಲವನ್ನು ತೆರೆದು ನೋಡುವ ಅಭ್ಯಾಸದಲ್ಲಿ.