ಶ್ರೀಹರಿಕೋಟಾ ಗ್ಯಾಲರಿ ಉಚಿತ, ಚಿಂತೆ ವಾಪಸ್ ಟಿಕೆಟ್‌ನದ್ದು

ಶ್ರೀಹರಿಕೋಟಾದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಲ್ಲಿ ಜನಸಾಮಾನ್ಯರು ಕುಳಿತು ರಾಕೆಟ್ ಉಡಾವಣೆ ನೋಡಲು ಇಸ್ರೋ ಗ್ಯಾಲರಿ ತೆರೆದದ್ದು 2019ರಲ್ಲಿ. ಆ ವರ್ಷದ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45 ನಭಕ್ಕೆ ಚಿಮ್ಮಿದ್ದನ್ನು ಜನ ಅಲ್ಲಿಂದಲೇ ಕಣ್ತುಂಬಿಕೊಂಡರು. ನೋಂದಣಿ ಆನ್‌ಲೈನ್, ಶುಲ್ಕವಿಲ್ಲ. ಮೇಲ್ನೋಟಕ್ಕೆ ದೇಶದ ಎಲ್ಲರಿಗೂ ಸಮಾನ ಅವಕಾಶ. ಆದರೆ ಚೆನ್ನೈನಿಂದ ಹೊರಡುವವರಿಗೂ ಮುಂಬೈ, ಪುಣೆ, ದೆಹಲಿಯಿಂದ ಹೊರಡುವವರಿಗೂ ಈ ಪ್ರವಾಸ ಒಂದೇ ಅಲ್ಲ.

ತೊಡಕು ದಿನಾಂಕದ್ದು. ಗಗನಯಾನದ ಟಿವಿ-ಡಿ1 ಪರೀಕ್ಷೆ 2023ರ ಅಕ್ಟೋಬರ್ 21ರ ಬೆಳಿಗ್ಗೆ 8ಕ್ಕೆ ನಿಗದಿಯಾಗಿತ್ತು. ಮೊದಲು ಹವಾಮಾನ ಕೈಕೊಟ್ಟಿತು, ನಂತರ 5 ಸೆಕೆಂಡ್ ಬಾಕಿ ಇರುವಾಗ ಕೌಂಟ್‌ಡೌನ್ ನಿಂತಿತು. ರಾಕೆಟ್ ಹಾರಿದ್ದು 10 ಗಂಟೆಗೆ. ಎರಡು ಗಂಟೆ ತಡವಾದರೆ ಯಾರೂ ಬೇಸರಪಡುವುದಿಲ್ಲ. ಯುರೋಪಿನ ಪ್ರೋಬಾ-3 ಉಪಗ್ರಹದ ಕತೆ ಬೇರೆ. 2024ರ ಡಿಸೆಂಬರ್ 4ರ ಸಂಜೆಯ ಉಡಾವಣೆ, ಒಂದು ಗಂಟೆಯೂ ಉಳಿದಿಲ್ಲ ಎನ್ನುವಾಗ ಮರುದಿನಕ್ಕೆ ಮುಂದೂಡಿಕೆಯಾಯಿತು. ಚೆನ್ನೈನವರು ಮನೆಗೆ ಹೋಗಿ ಮಲಗಿ ಮತ್ತೆ ಬರಬಹುದು. ಅದೇ ರಾತ್ರಿಯ ರೈಲಿಗೆ ಟಿಕೆಟ್ ಕಾಯ್ದಿರಿಸಿದ್ದ ದೂರದೂರಿನವರು ಏನು ಮಾಡಬೇಕು?

ಚಂದ್ರಯಾನ-2ರದ್ದು ಇನ್ನೂ ದೊಡ್ಡ ನಿರಾಸೆ. 2019ರ ಜುಲೈ 15ರ ನಸುಕಿನ 2.51ಕ್ಕೆ ಹಾರಬೇಕಿದ್ದ ರಾಕೆಟ್‌ನ ಕೌಂಟ್‌ಡೌನ್ 56 ನಿಮಿಷ 24 ಸೆಕೆಂಡ್ ಇರುವಾಗ ನಿಂತಿತು. ಅಂದು ಅಲ್ಲಿಗೆ ಬಂದಿದ್ದ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅವರೂ ಉಡಾವಣೆ ನೋಡದೇ ಮರಳಿದರು. ನೌಕೆ ಹಾರಿದ್ದು ವಾರದ ನಂತರ, ಜುಲೈ 22ರ ಮಧ್ಯಾಹ್ನ. ಒಂದು ವಾರ ರಜೆ ಹಾಕಿ ಕಾಯುವವರು ಎಷ್ಟು ಜನ?

ಇದಕ್ಕೆ ವಿಜ್ಞಾನಿಗಳನ್ನು ದೂರುವಂತಿಲ್ಲ. ದೋಷ ಕಂಡ ಮೇಲೂ ಪ್ರೇಕ್ಷಕರಿಗಾಗಿ ರಾಕೆಟ್ ಹಾರಿಸಲಾಗದು. ಸಮಸ್ಯೆ ಇರುವುದು ನೋಂದಣಿಯ ವೇಳಾಪಟ್ಟಿಯಲ್ಲಿ. ರೈಲ್ವೆ ಮುಂಗಡ ಬುಕ್ಕಿಂಗ್ 60 ದಿನ ಮೊದಲೇ ತೆರೆದು, ಬೇಡಿಕೆಯ ರೈಲುಗಳಲ್ಲಿ ಬೇಗನೆ ಭರ್ತಿಯಾಗುತ್ತದೆ. ಗ್ಯಾಲರಿ ನೋಂದಣಿ ಶುರುವಾಗುವುದು ಉಡಾವಣೆ ಹತ್ತಿರವಾದಾಗ. ಆಗ ದೂರದವರಿಗೆ ಉಳಿಯುವುದು ತತ್ಕಾಲ್ ಅಥವಾ ದುಬಾರಿ ವಿಮಾನ. ನೋಂದಣಿಯನ್ನು ಇನ್ನಷ್ಟು ಮೊದಲೇ ತೆರೆಯುವುದು, ಮುಂದೂಡಿದರೆ ಹಿಂದೆ ನೋಂದಾಯಿಸಿದವರಿಗೇ ಮೊದಲ ಆದ್ಯತೆ ಎಂದು ಸ್ಪಷ್ಟವಾಗಿ ಹೇಳುವುದು ಇಸ್ರೋಗೆ ಕಷ್ಟದ ಕೆಲಸವೇನಲ್ಲ. ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದವರಿಗೆ ಇದು ಯಾವ ಲೆಕ್ಕ!

ಅಲ್ಲಿಯವರೆಗೆ ಚೆನ್ನೈಯನ್ನೇ ತಂಗುದಾಣ ಮಾಡಿಕೊಳ್ಳುವುದು ಜಾಣತನ. ಅಲ್ಲಿಂದ ಸುಳ್ಳೂರುಪೇಟೆಗೆ ಲೋಕಲ್ ರೈಲಿದೆ. ಮುಂದೆ ಪುಲಿಕಾಟ್ ಸರೋವರ ದಾಟುವ ರಸ್ತೆಯಲ್ಲಿ ಶ್ರೀಹರಿಕೋಟಾ ಸುಮಾರು 20 ಕಿ.ಮೀ. ವಾಪಸ್ ಟಿಕೆಟ್ ಉಡಾವಣೆಯ ಎರಡು ದಿನಗಳ ನಂತರದ್ದಿರಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಯ ಕಾಟವೂ ಉಂಟು. ಚಳಿಗಾಲದಲ್ಲಿ ಹೋದವರಿಗೆ ಒಂದು ಸಮಾಧಾನ: ರಾಕೆಟ್ ಹಾರದಿದ್ದರೂ ಪುಲಿಕಾಟ್‌ನಲ್ಲಿ ರಾಜಹಂಸಗಳು ಹಾರುತ್ತಿರುತ್ತವೆ.